ಕಳ್ಳನೇ ಕಟ್ಟಿದ ಬೆಲೆ

2025ರ ಫೆಬ್ರುವರಿ 9, ಭಾನುವಾರ, ಬೆಳಿಗ್ಗೆ 11.20. ಹಿರೇಗುತ್ತಿಯ ಶಿಕ್ಷಕಿ ಅಂಕಿತಾ ಹೊನ್ನಾವರ ಠಾಣೆಗೆ ಬಂದು ದೂರು ಕೊಟ್ಟರು. ಅಜ್ಜನ ಕಾಲದ ಫಿಲ್ಮ್ ಕ್ಯಾಮೆರಾವನ್ನು ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣದೆದುರಿನ ಚಹಾ ಅಂಗಡಿಯ ಹೊರಬೆಂಚಿನಲ್ಲಿ ಕೂತಿದ್ದರಂತೆ. ಫೋನಿನಲ್ಲಿ ಮಾತಾಡುತ್ತ ನಾಲ್ಕು ಹೆಜ್ಜೆ ಹೋಗಿ ಬರುವಷ್ಟರಲ್ಲಿ ಚೀಲವಿದೆ, ಕ್ಯಾಮೆರಾ ಇಲ್ಲ.

ಬೆಲೆ ಎಷ್ಟೆಂದು ಪಿಎಸ್‌ಐ ರೇಖಾ ಕೇಳಿದರು. ಅಂಕಿತಾಗೆ ಸರಿಯಾಗಿ ಗೊತ್ತಿರಲಿಲ್ಲ. ಶಟರ್ ಹಿಡಿದುಕೊಂಡಿತ್ತು, ಲೆನ್ಸಿನೊಳಗೆ ಬಿಳಿ ಮಸುಕು. ಅಪ್ಸರಕೊಂಡದ ಬಳಿಯ ರೆಸಾರ್ಟಿನವರು ಗಾಜು ಕಿತ್ತು ಬಲ್ಬ್ ಹಾಕಿ ಮೇಜಿನ ದೀಪ ಮಾಡುತ್ತೇವೆ, ನಾಲ್ಕು ಸಾವಿರ ಕೊಡುತ್ತೇವೆ ಅಂದಿದ್ದರು. ಲೆನ್ಸ್ ಚೆನ್ನಾಗಿದ್ದರೆ ಮೂವತ್ತು ಸಾವಿರ ಎಂದು ಹಳೆ ಕ್ಯಾಮೆರಾ ಸಂಗ್ರಹಿಸುವ ಒಬ್ಬರು ಹೇಳಿದ್ದರು. ರೇಖಾ ಮೂವತ್ತೆಂದೇ ಬರೆದು ಎಫ್‌ಐಆರ್ ದಾಖಲಿಸಿದರು.

ಹೆಡ್ ಕಾನ್‌ಸ್ಟೆಬಲ್ ತಿಮ್ಮಪ್ಪ ಮೂರು ದಿನ ಗುಜರಿ ಅಂಗಡಿ, ಸ್ಟುಡಿಯೊ ಎಲ್ಲ ಸುತ್ತಿದರು. ಎಲ್ಲಿಯೂ ಅದು ಮಾರಾಟಕ್ಕೆ ಬಂದಿರಲಿಲ್ಲ. ಮಾರದವನು ರಿಪೇರಿಗೆ ಇಳಿದಿರಬೇಕು ಎಂದು ರೇಖಾಗೆ ಹೊಳೆಯಿತು. ಹಿಡಿದುಕೊಂಡ ಶಟರಿಗೆ ಗಡಿಯಾರದ ಎಣ್ಣೆ ಬೇಕು. 13ರ ಬೆಳಿಗ್ಗೆ ಭಟ್ಕಳದ ಗಡಿಯಾರ ರಿಪೇರಿಯವರೊಬ್ಬರು ಸುಳಿವು ಕೊಟ್ಟರು: ಕುಮಟಾದ ಉದಯ ಮೊನ್ನೆ ಎಣ್ಣೆ ಒಯ್ದಿದ್ದ. ಕೇಳದಿದ್ದರೂ ಕ್ಯಾಮೆರಾಕ್ಕೆ ಎಂದು ಹೇಳಿದ್ದ. ಕಳ್ಳರಲ್ಲೂ ಇಂಥ ಪಾಪದವರಿರುತ್ತಾರೆ.

ಮಧ್ಯಾಹ್ನ 2.45ಕ್ಕೆ ಉದಯನ ಮಿಕ್ಸರ್ ರಿಪೇರಿ ಅಂಗಡಿಯಲ್ಲಿ ಇಬ್ಬರು ಪಂಚರೆದುರು ಕ್ಯಾಮೆರಾ ಸಿಕ್ಕಿತು. ಅದರ ಮೇಲಿನ ನಂಬರ್ ದೂರಿನಲ್ಲಿದ್ದ ನಂಬರಿಗೆ ತಾಳೆಯಾಯಿತು. ಆದರೆ ಪಂಚನಾಮೆ ಬರೆಯುತ್ತಿದ್ದ ತಿಮ್ಮಪ್ಪನವರ ಪೆನ್ನು ನಿಂತಿತು. ಶಟರ್ ಟಿಕ್ಕೆಂದು ಬೀಳುತ್ತಿದೆ, ಲೆನ್ಸ್ ತಿಳಿಯಾಗಿದೆ. ಕಳುವಾದ ಮಾಲು ಸುಧಾರಿಸಿ ಸಿಕ್ಕಿದ್ದು ಅವರ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇದೇ ಮೊದಲು.

ಠಾಣೆಯಲ್ಲಿ ರೇಖಾ ಕಾನೂನು ಬಿಡಿಸಿ ಹೇಳಿದರು. ಕದ್ದ ದಿನದ ಬೆಲೆ ಐದು ಸಾವಿರದೊಳಗಿದ್ದರೆ, ಮೊದಲ ತಪ್ಪು, ಮಾಲೂ ವಾಪಸ್, ಸಮುದಾಯ ಸೇವೆಯಲ್ಲಿ ಮುಗಿಯುತ್ತದೆ. ಮೇಲಿದ್ದರೆ ಜೈಲಾಗಬಹುದು. ಲೆನ್ಸಿನ ಸ್ಥಿತಿ ಹೇಳಬಲ್ಲವನು ಈ ಮೂರು ತಾಲೂಕಿನಲ್ಲಿ, ಹಿಂದೆ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಉದಯನೊಬ್ಬನೇ. ಕಳ್ಳನ ಕೈಗೇ ಕೀಲಿ ಕೊಟ್ಟ ಹಾಗೆ ಅವನನ್ನೇ ಕೇಳಬೇಕಾಯಿತು. ಮಾಲು ಗುರುತಿಸಲು ಅಂಕಿತಾ ಬಂದು ಕೂತಿದ್ದರು.

“ಪೂರ್ತಿ ಹಾಳಾಗಿತ್ತು ಅಂತ ಹೇಳು ಮಾರಾಯಾ,” ತಿಮ್ಮಪ್ಪ ಮೆಲ್ಲಗೆ ಅಂದರು.

ಉದಯ ಲೆನ್ಸಿಗೆ ಟಾರ್ಚ್ ಬಿಟ್ಟು ಓರೆಯಾಗಿ ಹಿಡಿದು ನೋಡಿದ.

“ಒಳಗೆ ಬೂಷ್ಟು ಹಿಡಿದಿತ್ತಾ?” ರೇಖಾ ಕೇಳಿದರು.

“ಇಲ್ಲ ಮೇಡಂ. ಎಣ್ಣೆ ಆವಿ ಕೂತಿತ್ತು ಅಷ್ಟೆ. ಒರೆಸಿದ್ರೆ ಹೋಗುವಂಥದ್ದು.”

“ಗೀರು?”

“ಒಂದೂ ಇಲ್ಲ.”

“ಕದ್ದ ದಿನ ಬೆಲೆ ಎಷ್ಟು?”

ಅವನು ಟಾರ್ಚ್ ಆರಿಸಿದ. “ಮೂವತ್ತಕ್ಕೆ ಕಮ್ಮಿ ಇಲ್ಲ. ಬೇಕಾರೆ ಜೈಲಿಗೆ ಹಾಕಿ. ಇಂಥ ಲೆನ್ಸನ್ನ ಹಾಳು ಅಂತ ಹೇಳೂಕೆ ನಂಗೆ ಬಾಯಿ ಬರುದಿಲ್ಲ.”

ತಿಮ್ಮಪ್ಪ ಹಣೆ ಚಚ್ಚಿಕೊಂಡರು. ಸಂಜೆ 5.10ಕ್ಕೆ ರೇಖಾ ಬಂಧನ ದಾಖಲಿಸಿದರು.

ಹೇಳಿಕೆಯಲ್ಲಿ ಇದ್ದದ್ದು ಇಷ್ಟೇ. ಒಂದು ಕಾಲಕ್ಕೆ ಉದಯ ಕ್ಯಾಮೆರಾ ಮೆಕ್ಯಾನಿಕ್. ಫಿಲ್ಮ್ ಹೋದ ಮೇಲೆ ಹದಿನೈದು ವರ್ಷ ಮಿಕ್ಸರ್ ಬಿಚ್ಚುತ್ತ ಕಳೆದಿದ್ದ. ಆ ದಿನ ಚಹಾ ಅಂಗಡಿಯಲ್ಲಿ, ಅಂಕಿತಾ ಫೋನಿನಲ್ಲಿ ಆಡುತ್ತಿದ್ದ, ಗಾಜು ಕಿತ್ತು ಬಲ್ಬ್ ಹಾಕುವ ಮಾತು ಕಿವಿಗೆ ಬಿತ್ತು. ಹೊಟ್ಟೆ ಉರಿದುಹೋಯಿತು, ಎತ್ತಿಕೊಂಡೆ ಎಂದ.

ಅಂಕಿತಾ ರೆಸಾರ್ಟಿಗೆ ಕೊಡುವುದಿಲ್ಲವೆಂದರು. ಕೋರ್ಟಿನಲ್ಲಿ ರಾಜಿಗೂ ಒಪ್ಪುತ್ತೇನೆಂದರು. ಆಮೇಲೆ ಉದಯನ ಕಡೆ ತಿರುಗಿದರು.

“ಇದ್ಕೆ ಫಿಲ್ಮ್ ಈಗ್ಲೂ ಸಿಗ್ತದಾ?”

ಉದಯ ಮುಖ ಎತ್ತಿದ. “ಸಿಗ್ತದೆ ಟೀಚರ್. ಹಾಕೂದು ನಾ ತೋರಿಸ್ತೆ.”

“ಮೊದ್ಲು ನಿಂಗೆ ಜಾಮೀನು ಸಿಗ್ಲಿ,” ಎಂದು ತಿಮ್ಮಪ್ಪ ಅವನಿಗೊಂದು ಚಹಾ ತರಿಸಿದರು.