ಒಂದೇ ಪ್ರಶ್ನೆ, ಎರಡು ಅಣಬೆ

ಬ್ಲಾಂಕಾ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಒಲೆಯ ಮೇಲೆ ರಾತ್ರಿಯ ಬಾಣಲೆ. ಅದರಲ್ಲಿ ಅರ್ಧ ತಿಂದ ಅಣಬೆ, ಮೊಟ್ಟೆ. ಪಕ್ಕದಲ್ಲಿ ಫೋನ್. ಪರದೆಯ ಮೇಲೆ ನನ್ನ ಹೆಸರು.

ಆಂಬುಲೆನ್ಸ್ ಕರೆದವನೂ ನಾನೇ. ಮೇಲಿನ ಮನೆಯವನು. ಅಜ್ಜಿಯ ಸಾರು ಕುಡಿದು ಬೆಳೆದವನು.

"ರಾದಿಮ್ ಅಂದ್ರೆ ನೀನೇನಾ?" ಪೊಲೀಸ್ ಅಧಿಕಾರಿ ಶಾರ್ಕಾ ಫೋನ್ ನನ್ನ ಮುಂದೆ ಹಿಡಿದರು.

ನಮ್ಮೂರು ಒಲೊಮೋತ್ಸ್‌ನ ಆನ್‌ಲೈನ್ ಅಣಬೆ ಗುಂಪಿನಲ್ಲಿ ಅಜ್ಜಿ ಫೋಟೋ ಹಾಕಿ ಕೇಳಿದ್ದಳು: "ಇದೇನು? ತಿನ್ನಬಹುದಾ?" ಕೆಳಗೆ ನನ್ನ ಉತ್ತರ: "ಅಡಿಭಾಗ ಸ್ಪಂಜಿನ ಥರ ಇದೆ. ಧೈರ್ಯವಾಗಿ ತಿನ್ನಿ. ನನ್ನನ್ನೂ ಕರೀರಿ!"

"ಬರೆದಿದ್ದು ನಾನೇ ಮೇಡಂ. ಆದ್ರೆ ಈ ಅಣಬೆಗಲ್ಲ."

"ಎಲ್ಲರೂ ಹಿಂಗೇ ಅಂತಾರೆ."

"ವಿಲನ್ ಆಗೋಕೆ ನಂಗೆ ಸರಿಯಾಗಿ ಮೀಸೆನೇ ಬಂದಿಲ್ಲ ಮೇಡಂ!"

ಅವರು ನಗಲಿಲ್ಲ. ಹಳೇ ಕಾಲುಚೀಲದ ಫೋಟೋ ಹಾಕಿ 'ಅಪರೂಪದ ಅಣಬೆ' ಎಂದು ಊರನ್ನೇ ನಂಬಿಸಿದ್ದವನು ನಾನು. ಗುಂಪು ನಡೆಸುವ ಬೊಹುಸ್ಲಾವ್ ಆಗಲೇ ಹೇಳಿಕೆ ಕೊಟ್ಟಾಗಿತ್ತು: "ಅದೇ ಪೋಕರಿಯ ಕುಚೇಷ್ಟೆ."

ಅಜ್ಜಿ ಸತ್ತರೆ ನಾನು ಒಳಗೆ. ಬದುಕಿದರೂ ಅವಳ ಮುಖ ನೋಡುವುದು ಹೇಗೆ?

*

ಅಜ್ಜಿಯ ಫೋಟೋವನ್ನು ಯಾರಾದರೂ ಬದಲಿಸಿದ್ದಾರೆಯೇ? ಇಲ್ಲ, ಅವಳ ಫೋನಿನಲ್ಲೂ ಅದೇ ಇತ್ತು. ನನ್ನ ಪಾಸ್‌ವರ್ಡ್ ಕದ್ದಿದ್ದಾರೆಯೇ? ಅದೂ ಇಲ್ಲ.

ಶಾರ್ಕಾ ಫೋಟೋವನ್ನು ಹಿಗ್ಗಿಸಿದರು. ಅಣಬೆಯ ಅಡಿಭಾಗಕ್ಕೆ ಬೆರಳಿಟ್ಟರು.

"ಸ್ಪಂಜು ಎಲ್ಲೋ? ಟೋಪಿ ಕೆಳಗೆ ಪುಸ್ತಕದ ಹಾಳೆ ಥರ ಪದರ ಇದೆ. ಇಷ್ಟು ನಮ್ಮೂರ ಮಗುಗೂ ಗೊತ್ತು. ತಮಾಷೆಗೆ ಸುಳ್ಳು ಹೇಳೋನೂ ಫೋಟೋಗೆ ಹೊಂದೋ ಸುಳ್ಳು ಹೇಳ್ತಾನೆ. ನೀನು ನೋಡಿದ ಫೋಟೋನೇ ಬೇರೆ."

"ಅದನ್ನೇ ಬಡ್ಕೊಂಡೆ ಮೇಡಂ! ಇನ್ಯಾರೋ ಅದೇ ಗುಂಪಲ್ಲಿ ಇದೇ ಪ್ರಶ್ನೆ ಕೇಳಿದ್ರು. ಈಗ ಆ ಪೋಸ್ಟೇ ಕಾಣ್ತಿಲ್ಲ."

*

"ಅಂಥ ಪೋಸ್ಟ್ ಇರಲೇ ಇಲ್ಲ," ಬೊಹುಸ್ಲಾವ್ ತನ್ನ ಮನೆಯಲ್ಲಿ ಕಾಫಿ ಬಗ್ಗಿಸುತ್ತಾ ಹೇಳಿದ. "ಬೇಕಾದ್ರೆ ನನ್ನ ಸರ್ವರ್ ಪೂರ್ತಿ ಹುಡುಕಿ."

ಹುಡುಕಿದೆವು. ಇರಲಿಲ್ಲ.

ಆದರೆ ನಮ್ಮ ಜಾಲಕ್ಕೆ ಒಬ್ಬನೇ ಧಣಿ ಇಲ್ಲ. ಯಾರು ಬೇಕಾದರೂ ಸರ್ವರ್ ನಡೆಸಬಹುದು. ಒಂದರಲ್ಲಿ ಹಾಕಿದ್ದರ ಪ್ರತಿ ಇನ್ನೊಂದಕ್ಕೂ ಹೋಗುತ್ತದೆ. ಅಣಬೆಯವರು ಜಗಳವಾಡಿ ಒಡೆದುಹೋದಾಗ, ಯಿಟ್ಕಾ ಎಂಬಾಕೆ ತನ್ನದೇ ಪುಟ್ಟ ಸರ್ವರ್ ಇಟ್ಟುಕೊಂಡಿದ್ದಳು. ಶಾರ್ಕಾ ಅವಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಇಲ್ಲಿದೆಯಲ್ಲಾ!" ಯಿಟ್ಕಾ ಅಂದಳು. "ದಪ್ಪ ಕಾಲು, ಅಡೀಲಿ ಸ್ಪಂಜು, ಒಳ್ಳೇ ಅಣಬೆ. ಕೆಳಗೆ ರಾದಿಮ್ ಉತ್ತರ. ನಿನ್ನೆ ಮಧ್ಯಾಹ್ನನೇ ಆ ಬೊಹುಸ್ಲಾವ್ ಮಹಾಶಯಂಗೆ ಹೇಳ್ದೆ, ಫೋಟೋ ನೋಡದೇನೇ ಪೋಸ್ಟ್‌ಗಳನ್ನ ಒಂದು ಮಾಡ್ಬೇಡಪ್ಪ, ಉತ್ತರ ಕಲಸಿಹೋಗ್ತವೆ ಅಂತ. ಸಿಟ್ಟು ಬಂದು ನನ್ನ ಸರ್ವರನ್ನೇ ಬ್ಲಾಕ್ ಮಾಡ್ದ!"

ಮತ್ತೆ ಕಾಫಿ ಬಗ್ಗಿಸುತ್ತಿದ್ದ ಬೊಹುಸ್ಲಾವನ ಕಪ್ ತುಂಬಿ ಮೇಜಿನ ಮೇಲೆ ಹರಿಯಿತು.

"ನಾನು ಹೇಳ್ಲಾ?" ಶಾರ್ಕಾ ಅಂದರು. "ಎರಡೂ ಪೋಸ್ಟ್‌ಗೆ ಒಂದೇ ತಲೆಬರಹ. ಹಾಕಿದ್ದನ್ನೇ ಮತ್ತೆ ಹಾಕಿದ್ದಾರೆ ಅಂತ ನೀವು ಒಂದು ಮಾಡಿದ್ರಿ. ಒಳ್ಳೇ ಅಣಬೆ ಫೋಟೋ ಮರೆಯಾಯ್ತು, ಅದರ ಉತ್ತರ ವಿಷದ ಅಣಬೆ ಕೆಳಗೆ ಬಂದು ಕೂತ್ಕೊಂತು. ಅಜ್ಜಿ ನಂಬಿ ತಿಂದ್ರು. ಬೆಳಗ್ಗೆ ಸುದ್ದಿ ಬಂದ ತಕ್ಷಣ ಆ ಒಳ್ಳೇ ಅಣಬೆ ಪೋಸ್ಟನ್ನೇ ಅಳಿಸಿದ್ರಿ. ನೀವು ಅಳಿಸಿದ್ರೆ ಎಲ್ಲಾ ಸರ್ವರಲ್ಲೂ ಅಳಿಯುತ್ತೆ. ಆದ್ರೆ ಯಿಟ್ಕಾಗೆ ಮೊದಲೇ ಬಾಗಿಲು ಹಾಕಿದ್ರಲ್ಲ? ನಿಮ್ಮ ಅಪ್ಪಣೆ ಅಲ್ಲಿಗೆ ತಲುಪಲೇ ಇಲ್ಲ."

"ಅವಸರದಲ್ಲಿ ಒತ್ಬಿಟ್ಟೆ..."

"ಒತ್ತಿದ್ದು ಅವಸರ. ಅಳಿಸಿ ಈ ಹುಡುಗನ್ನ ಸಿಕ್ಕಿಸಿದ್ದು ಅಪರಾಧ. ನಡೀರಿ."

*

ಫೋಟೋ ನೋಡಿ ವಿಷ ಗುರುತಿಸಿದ ಡಾಕ್ಟರು ಅಜ್ಜಿಯನ್ನು ಉಳಿಸಿಕೊಂಡರು.

"ಬೇರೆಯವ್ರಾಗಿದ್ರೆ ನನ್ನ ಚರಿತ್ರೆ ನೋಡ್ತಿದ್ರು. ನೀವು ಅಣಬೆ ನೋಡಿದ್ರಿ," ಆಸ್ಪತ್ರೆಯಲ್ಲಿ ಶಾರ್ಕಾಗೆ ಅಂದೆ.

ಅಜ್ಜಿ ನನ್ನ ಕೈ ಹಿಡಿದಳು. "ನೀನಲ್ಲ ಅಂತ ನಂಗೆ ಗೊತ್ತಿತ್ತು ಕಣೋ, ಪೋಕರಿ. ಆ ಯಿಟ್ಕಾಗೆ, ಎಲ್ರಿಗೂ ಥ್ಯಾಂಕ್ಸ್ ಹಾಕು. ಎಲ್ಲಾ ಗುಂಪಲ್ಲೂ."

"ಒಂದೇ ಮಾತು ಎಲ್ಲಾ ಕಡೆ ಹಾಕಿದ್ರೆ ಬೈತಾರೆ ಅಜ್ಜಿ."

"ಬೈಲಿ ಬಿಡು. ಥ್ಯಾಂಕ್ಸ್ ಎರಡು ಸಲ ಕೇಳಿ ಯಾರೂ ಸತ್ತಿಲ್ಲ."