ಮೂರನೇ ಇಂಜೆಕ್ಟರ್

“ನಾಲ್ಕೂ ಸರಿಯಾಗಿವೆ. ಟಿಕ್ ಟಿಕ್ ಅಂತ ಚೆನ್ನಾಗಿ ಕೇಳಿಸ್ತಿದೆ,” ಎನ್ನುತ್ತಾ ಅಜ್ಜಿ ಉದ್ದನೆಯ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದಳು.

ಬಾನೆಟ್ ಎತ್ತಿ ನಿಂತಿದ್ದ ಹಸಿರು ಕಾರು ಮಾತ್ರ ಈ ಮಾತನ್ನು ಒಪ್ಪುವ ಹಾಗೆ ಕಾಣಲಿಲ್ಲ. ಅದು ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಮಡ್‌ಗಾರ್ಡ್ ಮೇಲಿಟ್ಟಿದ್ದ ಸ್ಪ್ಯಾನರುಗಳೂ ಅದರ ಜೊತೆ ಕುಣಿಯುತ್ತಿದ್ದವು.

ಬೋಲ್ಟು ಸ್ಕೂಲ್ ಬ್ಯಾಗನ್ನೂ ಇಳಿಸದೆ ನೋಡುತ್ತಾ ನಿಂತಿದ್ದಳು. ಅವಳ ನಿಜವಾದ ಹೆಸರು ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಗಿಡ್ಡಕ್ಕೆ ಗಟ್ಟಿಯಾಗಿದ್ದಾಳೆ, ಕೂತರೆ ಕೂತಲ್ಲಿಂದ ಅಲುಗಾಡುವುದಿಲ್ಲ ಅಂತ ಅಜ್ಜಿ ಇಟ್ಟ ಹೆಸರು ಬೋಲ್ಟು. ಅದೇ ಗಟ್ಟಿಯಾಯಿತು.

ಕಾರು ಹಲ್ಲಿನ ಡಾಕ್ಟರಮ್ಮನದು. ವಯಸ್ಸಿನಲ್ಲಿ ಬೋಲ್ಟುವಿನ ಮಾಮನಿಗಿಂತ ದೊಡ್ಡದು. ಬೆಳಗ್ಗೆ ತಣ್ಣಗಿರುವಾಗ ಸದ್ದಿಲ್ಲದೆ ಹೊರಡುತ್ತಿತ್ತು. ಇಂಜಿನ್ ಬಿಸಿಯಾದರೆ ಸಾಕು, ನಡುಕ ಶುರು. ಇದೇ ರಿಪೇರಿಗೆ ಅದು ಅಜ್ಜಿಯ ಶೆಡ್ಡಿಗೆ ಬಂದದ್ದು ಇದು ಮೂರನೇ ಸಲ.

ಶೆಡ್ಡಿನ ಬಾಗಿಲಿಗೆ ಒರಗಿ, ಕೈಕಟ್ಟಿಕೊಂಡು, ಮಾಮ ನಿಂತಿದ್ದ. ಪಕ್ಕದ ಬೀದಿಯಲ್ಲಿ ಅವನದು ಟೈರ್ ಅಂಗಡಿ. ಬೆಳಗ್ಗೆ ಅವನು ಬೋಲ್ಟುವಿನ ಅಮ್ಮನ ಹತ್ತಿರ ಹೇಳಿದ್ದನ್ನು ಬೋಲ್ಟು ಕೇಳಿಸಿಕೊಂಡಿದ್ದಳು.

“ಅಮ್ಮನಿಗೆ ಕಿವಿ ಮಂದ ಆಗ್ತಿದೆ ಅಕ್ಕ. ಕೇಳಿದ್ರೆ ಒಪ್ಪಿಕೊಳ್ಳಲ್ಲ. ಓಡ್ತಿರೋ ಇಂಜಿನ್ ಪಕ್ಕ ನಿಂತು ಮಾಡೋ ಕೆಲಸ ಇದು, ಹೆಚ್ಚುಕಮ್ಮಿ ಆದ್ರೆ ಏನು ಗತಿ? ಈ ಸಲಾನೂ ಆ ಕಾರು ಸರಿಹೋಗ್ಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ ಹಾಕಿಬಿಡೋಣ.”

ಶೆಡ್ ಇಲ್ಲದ ಅಜ್ಜಿಯನ್ನು ಊಹಿಸಿಕೊಳ್ಳಲು ಬೋಲ್ಟು ಕ್ಲಾಸಿನಲ್ಲಿ ಕೂತು ಪ್ರಯತ್ನಪಟ್ಟಿದ್ದಳು. ಆಗಲಿಲ್ಲ. ಅಜ್ಜಿ ಅಂದರೆ ಗ್ರೀಸ್ ವಾಸನೆ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ, “ಆ ಹದಿಮೂರು ನಂಬರ್ ಸ್ಪ್ಯಾನರ್ ಕೊಡೇ” ಎನ್ನುವ ದನಿ. ಅದೆಲ್ಲ ಹೋದರೆ ಉಳಿಯುವುದು ಏನು?

“ಅಜ್ಜಿ, ಟೀ ತರಿಸ್ಲಾ, ಕಾಫೀನಾ?” ಹಿಂದಿನಿಂದ ಡಾಕ್ಟರಮ್ಮ ಕೇಳಿದರು.

“ಹೂಂ, ಹೂಂ,” ಅಂದಳು ಅಜ್ಜಿ.

“ಟೀ ಅಂತೆ,” ಎಂದು ಬೋಲ್ಟು ತಟ್ಟನೆ ಸೇರಿಸಿದಳು.

ಕೆಲವು ದಿನಗಳಿಂದ ಇದು ಅವಳ ಗುಟ್ಟಿನ ಕೆಲಸ. ಅಜ್ಜಿ ಯಾವುದಕ್ಕಾದರೂ ಸುಮ್ಮನೆ ಹೂಂಗುಟ್ಟಿದರೆ ಸಾಕು, ಬೋಲ್ಟು ಮುಂದೆ ನುಗ್ಗಿ ಸರಿಯಾದ ಉತ್ತರ ಕೊಟ್ಟುಬಿಡುತ್ತಿದ್ದಳು. ಮಾಡು ಅಂತ ಯಾರೂ ಹೇಳಿರಲಿಲ್ಲ.

“ಅಜ್ಜೀ, ನಾನೂ ಕೇಳ್ಲಾ?” ಅವಳು ಸ್ಕ್ರೂಡ್ರೈವರ್ ತೋರಿಸಿದಳು. ಅಜ್ಜಿ ಕೊಟ್ಟಳು. “ಜಡೆ ಹಿಂದಕ್ಕೆ ಹಾಕ್ಕೋ. ಫ್ಯಾನ್ ಹತ್ರ ಹೋಗ್ಬೇಡ.”

ಈ ಇಂಜಿನ್ನಿನಲ್ಲಿ ಬೆರಳುದ್ದದ ನಾಲ್ಕು ಇಂಜೆಕ್ಟರುಗಳಿದ್ದವು. ಪೆಟ್ರೋಲನ್ನು ಮಂಜಿನಷ್ಟು ಸಣ್ಣಗೆ ಚಿಮ್ಮಿಸುವುದು ಅವುಗಳ ಕೆಲಸ. ಒಳಗಿನ ಪುಟ್ಟ ಬಾಯಿ ತೆರೆದು ಮುಚ್ಚಿದಾಗಲೆಲ್ಲ ಒಂದು ಟಿಕ್. ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಅದು ಕೇಳುತ್ತದೆ. ಇದನ್ನೆಲ್ಲ ಅಜ್ಜಿಯೇ ಕಲಿಸಿದ್ದಳು.

ಮೊದಲನೆಯದು: ಟಿಕ್ ಟಿಕ್ ಟಿಕ್. ಎರಡನೆಯದೂ ಹಾಗೇ.

ಮೂರನೆಯದರಲ್ಲಿ ಇಂಜಿನ್ನಿನ ಗುರುಗುರು ಬಿಟ್ಟರೆ ಏನೂ ಇಲ್ಲ. ಬೋಲ್ಟು ತುದಿಯನ್ನು ಸರಿಸಿ ಇನ್ನೊಮ್ಮೆ ಒತ್ತಿದಳು. ಇಲ್ಲ. ನಾಲ್ಕನೆಯದು ಮತ್ತೆ ಟಿಕ್ ಟಿಕ್.

ಮೂರನೇ ಇಂಜೆಕ್ಟರ್ ಕೆಲಸ ಮಾಡುತ್ತಿಲ್ಲ. ಅಜ್ಜಿ ‘ಚೆನ್ನಾಗಿ ಕೇಳಿಸ್ತಿದೆ’ ಅಂದದ್ದು ಸುಳ್ಳು.

ಹೇಳಿದರೆ ಬಾಗಿಲಲ್ಲಿ ಮಾಮ ಇದ್ದಾನೆ. ಹೇಳದಿದ್ದರೆ ಕಾರು ನಡುಗುತ್ತಲೇ ಹೋಗುತ್ತದೆ, ಆಗಲೂ ಬೀಗವೇ. ಯಾವ ಕಡೆ ತಿರುಗಿದರೂ ಗೋಡೆ.

“ಏನು?” ಅಂದಳು ಅಜ್ಜಿ.

“ಏನಿಲ್ಲ.”

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಸ್ಕ್ರೂಡ್ರೈವರ್ ಹಿಡಿದಿದ್ದ ಕೈ ನೋಡಿದಳು. ಆ ಕೈ ತನಗೇ ತಿಳಿಯದಂತೆ ಮೂರನೇ ಇಂಜೆಕ್ಟರಿನ ಹತ್ತಿರವೇ ಬಂದು ನಿಂತಿತ್ತು. ಅಜ್ಜಿ ಸೊಂಟದ ಬಟ್ಟೆ ತೆಗೆದು ನಿಧಾನವಾಗಿ ಕೈ ಒರೆಸಿಕೊಂಡಳು.

“ಕೊಡು ಇಲ್ಲಿ,” ಅಂದಳು. ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ನಂಗೆ ಒಂದೂ ಕೇಳಿಸಲಿಲ್ಲ. ಆಗ ಹೇಳಿದ್ದು ಸುಳ್ಳು.”

ಮಾಮ ಕಟ್ಟಿದ್ದ ಕೈ ಬಿಟ್ಟ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ, ತುದಿಯನ್ನು ಮೊದಲ ಇಂಜೆಕ್ಟರಿಗೆ ಒತ್ತಿ, ಬಗ್ಗಿ, ಹಿಡಿಯನ್ನು ಹಲ್ಲಿನಿಂದ ಕಚ್ಚಿದಳು.

“ಅಜ್ಜೀ, ಹಲ್ಲು!” ಡಾಕ್ಟರಮ್ಮ ಎರಡು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತರು.

ಅಜ್ಜಿ ಕಣ್ಣು ಮುಚ್ಚಿದ್ದಳು. ಅವಳ ತೋರುಬೆರಳು ಮಡ್‌ಗಾರ್ಡ್ ಮೇಲೆ ಬಡಿಯತೊಡಗಿತು. ಟಕ್, ಟಕ್, ಟಕ್.

ಬೋಲ್ಟು ಕಿವಿಯಿಂದ ಕೇಳಿದ್ದ ಲಯವೇ ಅದು, ಒಂದಿಷ್ಟೂ ಆಚೀಚೆ ಇಲ್ಲ. ಕಿವಿ ಕೇಳದ ಅಜ್ಜಿ ಹಲ್ಲಿನಿಂದ ಕೇಳುತ್ತಿದ್ದಳು!

ಎರಡನೇ ಇಂಜೆಕ್ಟರ್. ಬೆರಳು ಬಡಿಯಿತು. ಮೂರನೆಯದು. ಬೆರಳು ನಿಂತಿತು.

ಹಿಡಿಯನ್ನು ಕಚ್ಚಿಕೊಂಡೇ ಅಜ್ಜಿ ಇನ್ನೊಂದು ಕೈ ಚಾಚಿ, ಆ ಇಂಜೆಕ್ಟರಿಗೆ ಬರುವ ವೈರನ್ನು ಹಿಡಿದಳು. ಬೆರಳ ತುದಿಯಲ್ಲಿ ಒತ್ತಿ ಒತ್ತಿ ನೋಡುತ್ತಾ ಬಂದಳು. ವೈರಿನ ತುದಿಯ ಪ್ಲಗ್ಗಿನ ಹಿಂದೆ, ಅದನ್ನು ಮುಚ್ಚಿದ್ದ ಗಟ್ಟಿಯಾದ ರಬ್ಬರ್ ಟೋಪಿಯ ಹತ್ತಿರ ಒಮ್ಮೆ ಅದುಮಿದಳು.

ಟಕ್. ಬೆರಳು ಬಡಿಯಿತು. ಟಕ್ ಟಕ್ ಟಕ್.

ಕಾರಿನ ನಡುಕ ಕೈಯಲ್ಲಿ ತೆಗೆದ ಹಾಗೆ ನಿಂತುಹೋಯಿತು. ಸ್ಪ್ಯಾನರುಗಳು ಕುಣಿತ ಬಿಟ್ಟು ಸುಮ್ಮನೆ ಮಲಗಿದವು. ಇಂಜಿನ್ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ, ಗೋಡೆ ಗಡಿಯಾರದ ಸದ್ದು ಕೇಳಿಸಿತು. ಅಜ್ಜಿ ಬೆರಳು ಸಡಿಲಿಸಿದಳು, ಮತ್ತೆ ನಡುಕ. ಒತ್ತಿದಳು, ಶಾಂತ.

“ವೈರ್ ಒಳಗೆ ತುಂಡಾಗಿದೆ,” ಎಂದಳು ಹಿಡಿಯನ್ನು ಬಾಯಿಂದ ತೆಗೆದು. “ಹೊರಗಡೆ ನೋಡಿದ್ರೆ ಗೊತ್ತಾಗಲ್ಲ. ತಣ್ಣಗಿದ್ದಾಗ ಎರಡು ತುದೀನೂ ತಾಗ್ಕೊಂಡಿರುತ್ತೆ, ಬಿಸಿ ಆದ್ರೆ ದೂರ ಆಗುತ್ತೆ.” ನಂತರ ಬೋಲ್ಟುವಿನತ್ತ ತಿರುಗಿದಳು. “ನೀನೂ ಕಚ್ಚು. ಮೆತ್ತಗೆ.”

ಬೋಲ್ಟು ಮರದ ಹಿಡಿಯನ್ನು ಕಚ್ಚಿದಳು. ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿಕೊಂಡಳು.

ಅಬ್ಬಾ! ಇಡೀ ಇಂಜಿನ್ ಅವಳ ತಲೆಯೊಳಗೆ ಬಂದು ಕೂತಿತು. ಟಿಕ್ ಟಿಕ್ ಎನ್ನುವುದು ಹಲ್ಲಿನಲ್ಲಿ, ಧಡ್ ಧಡ್ ಎನ್ನುವುದು ದವಡೆಯಲ್ಲಿ, ಅದರ ಹಿಂದೆ ಇನ್ನೇನೋ ಗಿರ್ರೆಂದು ತಿರುಗುವುದು ಕಪಾಲದಲ್ಲಿ. ಹೊರಗೆ ನಿಂತು ಕೇಳಿದರೆ ಒಂದೇ ಗದ್ದಲ. ಒಳಗೆ ಪ್ರತಿಯೊಂದಕ್ಕೂ ತನ್ನದೇ ಜಾಗ, ತನ್ನದೇ ಸರದಿ. ಅಜ್ಜಿ ಇಷ್ಟು ದಿನ ಇದರೊಳಗೆ ಓಡಾಡುತ್ತಿದ್ದಳೇ? ಬೋಲ್ಟುವಿಗೆ ಕಚ್ಚಿದ್ದ ಹಿಡಿಯನ್ನು ಬಿಡಲು ಮನಸ್ಸೇ ಬರಲಿಲ್ಲ.

ಅಜ್ಜಿ ಕಾರು ಆಫ್ ಮಾಡಿ, ಬಿಸಿ ಆರಿದ ಮೇಲೆ ರಬ್ಬರ್ ಟೋಪಿ ಸೀಳಿದಳು. ತಾಮ್ರದ ಎಳೆಗಳು ನಡುವೆ ಕಪ್ಪಾಗಿ ಮುರಿದಿದ್ದವು. ಅದನ್ನು ಕತ್ತರಿಸಿ, ಹೊಸ ವೈರ್ ಸೇರಿಸಿ ಬೆಸುಗೆ ಹಾಕಿದಳು. ಡಾಕ್ಟರಮ್ಮ ಬೀದಿಯ ಕೊನೆಯವರೆಗೆ ಹೋಗಿ, ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಸುತ್ತಾಡಿ ಬಂದರು. ಕಾರು ನಡುಗಲಿಲ್ಲ.

“ಹಲ್ಲು ಗಟ್ಟಿಯಾಗಿವೆ ಅಜ್ಜಿ,” ಅಂದರು, ಅಜ್ಜಿಯ ಎದುರಿಗೇ ನಿಂತು. “ಆದ್ರೂ ಒಂದ್ಸಲ ಕ್ಲಿನಿಕ್ಕಿಗೆ ಬನ್ನಿ, ನೋಡ್ತೀನಿ.”

ಅವರು ಹೋದ ಮೇಲೆ ಮಾಮ ಹತ್ತಿರ ಬಂದ. “ಹಲ್ಲಲ್ಲಿ ಕೇಳಿಸುತ್ತೆ ಅಂದ್ಮೇಲೆ ಮೊದಲೇ ಮಾಡ್ಬಹುದಿತ್ತಲ್ಲ ಅಮ್ಮಾ?”

“ನೀನು ನಿಂತಿರ್ತಿದ್ದೆ. ಕಚ್ಚಿದ್ರೆ ಕಿವಿ ಹೋಗಿದೆ ಅಂತ ಗೊತ್ತಾಗ್ತಿತ್ತು,” ಅಂದಳು ಅಜ್ಜಿ. “ಯಾರೂ ಇಲ್ಲದಾಗ ಕಚ್ಚಿ ನೋಡ್ದೆ. ಅಷ್ಟೊತ್ತಿಗೆ ಇಂಜಿನ್ ತಣ್ಣಗಾಗಿತ್ತು. ನಾಲ್ಕೂ ಟಿಕ್ ಅಂತಿದ್ವು.”

ಮಾಮ ತಲೆ ತಗ್ಗಿಸಿದ. ಬಗ್ಗಿ, ಕೆಳಗೆ ಬಿದ್ದಿದ್ದ ವೈರ್ ತುಂಡನ್ನು ಎತ್ತಿಕೊಳ್ಳುತ್ತಾ, ಬೆನ್ನು ತಿರುಗಿಸಿಯೇ ಮೆಲ್ಲಗೆ ಏನೋ ಅಂದ.

ಅಜ್ಜಿಗೆ ಅದು ಕೇಳಿಸಿಲ್ಲವೆಂದು ಬೋಲ್ಟುವಿಗೆ ಗೊತ್ತಾಯಿತು. ಎಂದಿನಂತೆ ಮುಂದೆ ನುಗ್ಗಿ ಉತ್ತರ ಕೊಡಲು ಅವಳು ಬಾಯಿ ತೆರೆದಳು.

“ಏನಂದೆ?” ಅಜ್ಜಿಯೇ ಕೇಳಿದಳು. “ನಂಗೆ ಕೇಳಿಸಲಿಲ್ಲ. ಈ ಕಡೆ ತಿರುಗಿ ಹೇಳಪ್ಪ.”

ದನಿ ಯಾವಾಗಿನಂತೆ ಗಟ್ಟಿಯಾಗಿಯೇ ಇತ್ತು. ಆದರೆ ಸೊಂಟದ ಬಟ್ಟೆ ತೆಗೆದು, ಆಗಲೇ ಒರೆಸಿದ್ದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು.

ಬೋಲ್ಟು ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಮಾಮ ಎದ್ದು ಬಂದು ಅಜ್ಜಿಯ ಮುಖಕ್ಕೆ ಮುಖ ಕೊಟ್ಟು ನಿಂತ. “ನಾಳೆ ಕಿವಿ ತೋರಿಸ್ಕೊಂಡು ಬರೋಣ. ಆಮೇಲೆ ಬಂದು ಶೆಡ್ಡಿನ ಬಾಗಿಲು ತೆಗಿ ಅಂದೆ.”

ಅಜ್ಜಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ಈ ಸಲ ಹೂಂ ಅನ್ನುವ ಮೊದಲು ಸ್ವಲ್ಪ ಹೊತ್ತು ಯೋಚಿಸಿದಳು. ಬೋಲ್ಟು ಪಕ್ಕದಲ್ಲಿ ನಿಂತು, ಅಜ್ಜಿಯೇ ಉತ್ತರ ಕೊಡಲಿ ಎಂದು ಕಾದಳು.