ಬೆಲ್ಟಿಲ್ಲದ ಮೋಟಾರು

ಊಟದ ಗಂಟೆ ಬಾರಿಸಿ ಯಂತ್ರಗಳೆಲ್ಲ ನಿಂತ ಮೇಲೆ, ಹೊಸದಾಗಿ ಹಾಕಿದ ಪವರ್ ಫ್ಯಾಕ್ಟರ್ ಮೀಟರಿನ ಮುಳ್ಳು ಸೊನ್ನೆ ದಶಾಂಶ ಎರಡಕ್ಕೆ ಬಿತ್ತು. ಮೂರನೆಯ ದಿನವೂ ಹಾಗೆಯೇ. ಕರೆಂಟು ಹರಿಯುತ್ತಿತ್ತು, ಕೆಲಸ ನಡೆಯುತ್ತಿರಲಿಲ್ಲ.

"ಅದು ಪೂವಪ್ಪನ ಕುಲೆ, ಮಾಸ್ಟ್ರೆ," ಎಂದ ಕಾವಲುಗಾರ ಕಾಸಿಂ. ಸತ್ತವರ ಆತ್ಮವನ್ನು ನಮ್ಮಲ್ಲಿ ಹಾಗೆನ್ನುತ್ತಾರೆ. "ಅವನು ಸತ್ತ ಆ ಮಣ್ಣಿನ ಶೆಡ್ಡಿಗೆ ಊಟದ ಹೊತ್ತಿನಲ್ಲಿ ಯಾರೂ ಹೋಗುವುದಿಲ್ಲ."

"ಕರೆಂಟು ಕಳ್ಳನ ಹೆಸರು ಬರೆದುಕೊಡಿ, ಹೊರಗೆ ಹಾಕ್ತೇನೆ," ಎಂದಿದ್ದರು ಮ್ಯಾನೇಜರ್. ಐದು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿ, ಆಮೇಲೆ ವಿದ್ಯುತ್ ಕೆಲಸ ಕಲಿತು ಮಂಗಳೂರಿನ ಈ ಹೆಂಚಿನ ಕಾರ್ಖಾನೆಗೆ ಬಂದವನು ನಾನು. ನನಗೆ ಕುಲೆಯಲ್ಲಿ ನಂಬಿಕೆಯಿರಲಿಲ್ಲ. ಕಳ್ಳರ ಮೇಲೆ ಕನಿಕರವೂ ಇರಲಿಲ್ಲ.

ಮಣ್ಣು ಹದಮಾಡುವ ಶೆಡ್ಡಿಗೆ ಓಡಿದೆ. ಬೆಲ್ಟು ಕಳಚಿದ್ದ ಮೋಟಾರು ಏನನ್ನೂ ಎಳೆಯದೆ ತಿರುಗುತ್ತಿತ್ತು. ಪಕ್ಕದಲ್ಲಿ ಹೆಂಚು ಒಣಗಿಸುವ ಕಿನ್ನಿ ನಿಂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು.

"ಎಂತ ಮಾಸ್ಟ್ರೆ, ಕುಲೆ ಹಿಡಿಯಲಿಕ್ಕೆ ಬಂದದ್ದಾ?" ಓರೆಗಣ್ಣಿನಲ್ಲಿ ನಕ್ಕಳು. "ಬರಿಗೈಯಲ್ಲಿ?"

ಆ ನಗುವಿಗಾಗಿಯೇ ಎರಡು ವರ್ಷಗಳಿಂದ ನಾನು ಹೆಂಚುಗಳ ಸಾಲಿನಲ್ಲಿ ದಿನಕ್ಕೆರಡು ಬಾರಿ, ಅಲ್ಲಿ ಇಲ್ಲವೇ ಇಲ್ಲದ ತಂತಿಗಳನ್ನು ಪರೀಕ್ಷಿಸುತ್ತಿದ್ದೆ.

"ಇದು ತಪ್ಪು, ಕಿನ್ನಿ. ಬೆಂಗ್ರೆಯ ದೋಣಿ ಉಂಟಲ್ಲ? ತುಂಬ ಜನ ಹತ್ತಿ, ಆಚೆ ದಡದಲ್ಲಿ ಇಳಿಯದೆ ಅದೇ ದೋಣಿಯಲ್ಲಿ ವಾಪಸು ಬಂದರೆ? ದೋಣಿಗೆ ಭಾರ, ಅಂಬಿಗನಿಗೆ ಸುಸ್ತು. ತಲುಪಿದವರು ಯಾರೂ ಇಲ್ಲ. ಬರಿದೇ ತಿರುಗುವ ಮೋಟಾರಿಗೂ ಕರೆಂಟು ಹಾಗೆಯೇ ಹೋಗ್ತದೆ, ಬರ್ತದೆ. ತಂತಿ ಮಾತ್ರ ಬಿಸಿಯಾಗ್ತದೆ. ಪವರ್ ಫ್ಯಾಕ್ಟರ್ ಬಿತ್ತು ಅಂದರೆ ಅದೇ."

ಅವಳ ನಗು ಆರಿತು. "ಆ ದೋಣಿಯಲ್ಲಿ ನಾನೂ ಇದ್ದೇನೆ, ಮಾಸ್ಟ್ರೆ."

ಪೂವಪ್ಪನಿಗೂ ಅವಳಿಗೂ ಮದುವೆ ನಿಶ್ಚಯವಾಗಿತ್ತು. ಊಟದ ಹೊತ್ತಿನಲ್ಲಿ ಅವನು ಬೆಲ್ಟು ಜಾರಿಸಿ ಮೋಟಾರನ್ನು ಬರಿದೇ ಓಡಿಸುತ್ತಿದ್ದನಂತೆ. ಆ ಸದ್ದಿನ ಮರೆಯಲ್ಲಿ ಇಬ್ಬರೂ ಯಾರಿಗೂ ಕೇಳದಂತೆ ಮಾತಾಡುತ್ತಿದ್ದರಂತೆ. ಮೂರು ವರ್ಷದ ಹಿಂದೆ ಅದೇ ಬೆಲ್ಟು ಅವನನ್ನು ಎಳೆದುಕೊಂಡಿತು.

"ಈಗಲೂ ಮಾತಾಡ್ತಾನೆ. ಸದ್ದು ನಿಂತರೆ ಹೋಗಿಬಿಡ್ತಾನೆ."

ಕಿವಿಗೊಟ್ಟೆ. ಮೋಟಾರಿನ ಮೊರೆತದೊಳಗೆ ಯಾರೋ ಉಸಿರೆಳೆದಂತಾಯಿತು. ಏನನ್ನೂ ನಂಬದ ನನ್ನ ತೋಳಿನ ರೋಮಗಳು ನೆಟ್ಟಗಾದವು.

ಅಂದು ಶನಿವಾರ. ಸಂಜೆಯ ವರದಿಯಲ್ಲಿ ಬರೆದೆ: ಬೆಲ್ಟಿಗೆ ನಾಲ್ಕು ಹಲಗೆಗಳ ಬೇಲಿ ಹಾಕಿಸದೆ ಪೂವಪ್ಪನನ್ನು ಕೊಂದ ಕಾರ್ಖಾನೆಯೇ ಇದಕ್ಕೆ ಹೊಣೆ.

"ಕಳ್ಳನ ಹೆಸರೆಲ್ಲಿ?" ಮ್ಯಾನೇಜರ್ ಗರ್ಜಿಸಿದರು.

"ಸತ್ತವನ ಹೆಸರು ಬರೆದಿದ್ದೇನೆ. ಬದುಕಿರುವವರದ್ದು ಬರೆಯುವುದಿಲ್ಲ."

"ಮಂಗಳವಾರ ನಾನೇ ಮೀಟರಿನ ಮುಂದೆ ನಿಲ್ತೇನೆ. ಮುಳ್ಳು ಬಿದ್ದರೆ ನಿಮಗೂ ಕೆಲಸ ಇಲ್ಲ!"

ಇದನ್ನು ಕಿನ್ನಿಗೆ ಹೇಳಿದೆ. ಮೋಟಾರು ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ. ಒಬ್ಬರ ದುಃಖದ ಮೇಲೆ ಇನ್ನೊಬ್ಬರಿಗೆ ಅಧಿಕಾರವಿಲ್ಲ.

ಮದುವೆಯಾಗದೆ ಸತ್ತವನಿಗೆ, ಹಾಗೆಯೇ ಸತ್ತ ಹುಡುಗಿಯನ್ನು ಹುಡುಕಿ ಮಳೆಗಾಲದ ಆಟಿ ತಿಂಗಳಿನಲ್ಲಿ ಮದುವೆ ಮಾಡಿಸುವುದು ನಮ್ಮ ಕ್ರಮ. ಪೂವಪ್ಪನ ತಾಯಿ ದೇಯಿ ಬಿಜೈಯ ಒಂದು ಮನೆಯಲ್ಲಿ ಅಂಥ ಹೆಣ್ಣನ್ನು ನೋಡಿದ್ದಳು. ಆದಿತ್ಯವಾರ ಧಾರೆ. ಹೋಗಲಾರೆ ಎಂದು ಹಟ ಹಿಡಿದಿದ್ದ ಕಿನ್ನಿ, ಅಂದು ಹೋದಳು.

ಸೋಮವಾರ ಊಟದ ಹೊತ್ತಿಗೆ ಮುಳ್ಳು ಮತ್ತೆ ಬಿತ್ತು. ಈ ಬಾರಿ ನಾನು ಓಡಲಿಲ್ಲ; ನಡೆದೇ ಶೆಡ್ಡಿಗೆ ಹೋದೆ.

ಅವಳ ಕೈ ಸ್ವಿಚ್ಚಿನ ಮೇಲಿತ್ತು. "ಹಂಪನಕಟ್ಟೆಯಲ್ಲಿ ಅವನು ನನಗೆ ತೆಗೆದುಕೊಟ್ಟ ಸೀರೆ ಉಂಟಲ್ಲ, ಅದನ್ನೇ ಆ ಹುಡುಗಿಯ ಬೊಂಬೆಗೆ ಉಡಿಸಿದೆ. ಈಗ ಒಂದು ಮಾತು ಹೇಳಲಿಕ್ಕುಂಟು, ಅವನಿಗೆ."

ನಾನು ಬೆನ್ನು ತಿರುಗಿಸಿದೆ. ಕೇಳಿಸಿಕೊಳ್ಳುವುದು ಅಧರ್ಮವಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಸ್ವಿಚ್ಚು ಟಕ್ಕೆಂದಿತು. ಕರೆಂಟು ಹೋದರೂ ಮೋಟಾರು ತಿರುಗುತ್ತಲೇ ಇತ್ತು; ಮೆಲ್ಲಗೆ, ಇನ್ನೂ ಮೆಲ್ಲಗೆ. ಅದು ನಿಲ್ಲುವವರೆಗೆ ಇಬ್ಬರೂ ಕಾದೆವು.

ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಊಟದ ಹೊತ್ತಿನಲ್ಲಿ ಆ ಶೆಡ್ಡಿನಲ್ಲಿ ಮಳೆಯ ಸದ್ದು ಕೇಳಿಸಿತು.

ಕಣ್ಣೊರೆಸಿಕೊಂಡು ಅವಳೆಂದಳು: "ಹೆಂಚಿಗೆ ಎಂತ ತಂತಿ, ಮಾಸ್ಟ್ರೆ? ಎರಡು ವರ್ಷದಿಂದ ನೋಡ್ತಾ ಇದ್ದೇನೆ. ಹೇಳಲಿಕ್ಕಿದ್ದದ್ದು ಹೇಳಿ."

"ಈಗ ಸದ್ದಿಲ್ಲ, ಕಿನ್ನಿ. ಎಲ್ಲರಿಗೂ ಕೇಳ್ತದೆ."

"ಕೇಳಲಿ ಮಾರಾಯ್ರೆ."

ಹೇಳಿದೆ; ತರಗತಿಯ ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ. ಹೊರಗೆ ಹೆಂಗಸರು ಗೊಳ್ಳೆಂದು ನಕ್ಕರು. ಕಿನ್ನಿ ಮಣ್ಣು ಮೆತ್ತಿದ ಬೆರಳುಗಳಿಂದ ನನ್ನ ಕೈ ಹಿಡಿದಳು.

ನಮ್ಮ ಬೆನ್ನ ಹಿಂದೆ, ಕರೆಂಟಿಲ್ಲದ ಮೋಟಾರು ಅರ್ಧ ಸುತ್ತು ತಿರುಗಿ ನಿಂತಿತು.

ನಾವು ತಿರುಗಿ ನೋಡಲಿಲ್ಲ.